ಮಳೆ ಬರುವ ದಿಕ್ಕಿನ ಫ್ಯಾನು

ಗುರ್ಜಿಯು ನನ್ನ ಅಕ್ಕನ ಮನೆಯನ್ನು ಬಿಟ್ಟು ಮುಂದೆ ಹೋಯಿತೆಂದು ಫೋನಿನಲ್ಲಿ ಕೇಳಿದಾಗ ನಾನು ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿದ್ದೆ. ಅಲ್ಲಿಯ ಹೈಸ್ಕೂಲಿನ ಮಕ್ಕಳಿಗೆ ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ತಿಳಿಸಿ, ಚಪ್ಪಾಳೆ ಹೊಡೆಸಿಕೊಂಡು, ಪ್ರಯೋಗದ ಸಾಮಾನಿನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಸಿಂದಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು ನನ್ನ ನೌಕರಿ. ರಜೆ ಸಿಕ್ಕಾಗಲೆಲ್ಲ ಊರೂರು ತಿರುಗಿ ಹವಾಮಾನ, ಬಿಸಿಲಿನ ಕರೆಂಟು, ಗಾಳಿಯ ಕರೆಂಟು ಎಂದು ಬಾಯಿ ಬಡಿದುಕೊಳ್ಳುವುದು ನನ್ನ ಹುಚ್ಚು.

"ತಂಬಿಗಿ ಹಿಡಕೊಂಡು ಬಾಗಿಲಾಗ ನಿಂತಿದ್ನಿ," ಎಂದಳು ಅಕ್ಕ. "ನಿಮ್ಮ ಮನಿ ನೀರು ಬ್ಯಾಡ ಅಂದ್ರು."

ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಗುರ್ಜಿ ಆಡುತ್ತಾರೆ. ರೊಟ್ಟಿ ಹಂಚಿನ ಮೇಲೆ ಸಗಣಿಯಲ್ಲಿ ಮಾಡಿದ ಗುರ್ಜಿಯೆಂಬ ಮಳೆದೇವರನ್ನು ಕೂಡಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ಕೊಡಬೇಕು. ಮಾತು ಬಿಟ್ಟವರ ಮನೆಗೂ ಗುರ್ಜಿ ಹೋಗುತ್ತದೆ, ಮುಸಲ್ಮಾನರ ಮನೆಗೂ ಹೋಗುತ್ತದೆ. ಎಲ್ಲರ ಮನೆಯ ನೀರು ಬಿದ್ದರೇನೇ ಮುಗಿಲು ಕರಗುವುದು. ಹಾಗಿರುವಾಗ ಒಂದು ಮನೆಯ ನೀರು ಬೇಡವೆಂದರೆ, ನೀನು ಈ ಊರಿನವಳೇ ಅಲ್ಲ ಎಂದ ಹಾಗೆ.

ಕಾರಣ ಅಕ್ಕನ ಹೊಲದ ಫ್ಯಾನು. ಗಾಳಿಯಂತ್ರ ಎಂದು ನಾನು ಭಾಷಣದಲ್ಲಿ ಹೇಳುತ್ತೇನೆ, ಊರವರಿಗೆ ಅದು ಫ್ಯಾನು. ಅಕ್ಕನದು ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನಿಂದ ಆಚೆ ಇರುವ ಸಣ್ಣ ಹಳ್ಳಿ. ಭಾವ ತೀರಿಕೊಂಡ ಮೇಲೆ ಹೊಲ, ಮನೆ ಎರಡನ್ನೂ ಅಕ್ಕನೇ ನೋಡಿಕೊಳ್ಳುತ್ತಾಳೆ. ದಿನ್ನೆಯ ಮೇಲಿನ ಕಲ್ಲು ನೆಲವನ್ನು ಗಾಳಿ ಕರೆಂಟಿನ ಕಂಪನಿಯವರು ಕೇಳಿದಾಗ ಕೊಡು ಎಂದು ಹಟ ಹಿಡಿದವಳು ನಾನು. ಇವತ್ತು ಕೇಳಿದರೂ ಕೊಡು ಎಂದೇ ಹೇಳುತ್ತೇನೆ. ಸುತ್ತಲಿನ ಹೊಲಗಳಲ್ಲೂ ಫ್ಯಾನುಗಳಿವೆ, ಆದರೆ ಊರಿಗೆ ಮಳೆ ಬರುವ ಪಡುವಣ ದಿಕ್ಕಿಗೆ ನಿಂತಿರುವುದು ಅಕ್ಕನದೊಂದೇ. ಅದು ಮೋಡಗಳನ್ನು ಓಡಿಸುತ್ತದೆ ಎಂದು ಮೊದಲು ತಮಾಷೆಗೆ ಅಂದರು. ಆಮೇಲೆ ಅವಳ ಹೊಲದ ಕಸ ತೆಗೆಯಲು ಹೆಣ್ಣಾಳು ಬರುವುದು ನಿಂತಿತು. ಈಗ ಗುರ್ಜಿಯೂ ದಾಟಿ ಹೋಯಿತು.

ನಾನು ಸಿಂದಗಿಗೆ ಹೋಗಲಿಲ್ಲ. ಬಾಗೇವಾಡಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಮೈ ಕುದಿಯುತ್ತಿತ್ತು. ನಾಡಿಗೆಲ್ಲ ವಿಜ್ಞಾನ ಹೇಳುವವಳ ಅಕ್ಕನಿಗೇ ಈ ಗತಿಯೇ?

ಅಕ್ಕನ ಊರಿನಲ್ಲಿ ಚಹಾದಂಗಡಿಯ ಚಾಚಾನ ಮಾತಿಗೆ ತೂಕವಿದೆ. ಊರಿನ ಹಿಂದೂಗಳೂ ಮುಸಲ್ಮಾನರೂ ನ್ಯಾಯಕ್ಕೆಂದು ಅವರ ಅಂಗಡಿಯ ಬೆಂಚಿನ ಮೇಲೇ ಕೂಡುತ್ತಾರೆ. ಅವರದೂ ಒಂದಿಷ್ಟು ತೊಗರಿ ಹೊಲವಿತ್ತು, ಒಣಗುತ್ತಿತ್ತು. ಮೊದಲು ಅವರನ್ನೇ ಹಿಡಿದೆ.

"ನೀವೂ ಇದನ್ನ ನಂಬತೀರೇನು ಚಾಚಾ?"

"ನಂಬೂದರ ಮಾತಲ್ರಿ ಬಾಯಾರ, ಕಣ್ಣಿಲೆ ನೋಡಾಕತ್ತೇವಿ. ಫ್ಯಾನ್ ಜೋರ ತಿರಗಿದ ದಿನ ಮೋಡ ನಿಂದರಂಗಿಲ್ಲ. ಅದು ನಿಂತ ದಿನ ಮೋಡ ನಿಂದರತಾವ. ಕುಂತ ನೋಡ್ರಿ ಬೇಕಾದ್ರ."

ಕುಳಿತು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಆಷಾಢದ ಗಾಳಿ ಬೀಸಿದಾಗ ಫ್ಯಾನು ಗರಗರ ತಿರುಗುತ್ತಿತ್ತು, ಮೋಡಗಳು ಬಾಲ ಸುಟ್ಟ ಬೆಕ್ಕಿನಂತೆ ಓಡುತ್ತಿದ್ದವು. ಗಾಳಿ ಬಿದ್ದಾಗ ಎರಡೂ ನಿಲ್ಲುತ್ತಿದ್ದವು. ಫ್ಯಾನನ್ನು ತಿರುಗಿಸುವುದೂ ಮೋಡವನ್ನು ತಳ್ಳುವುದೂ ಅದೇ ಗಾಳಿ. ಫ್ಯಾನು ಗಾಳಿಯನ್ನು ಹುಟ್ಟಿಸುವುದಿಲ್ಲ, ಗಾಳಿಯ ಬಲದಲ್ಲಿ ಒಂದು ಚೂರನ್ನು ತೆಗೆದುಕೊಳ್ಳುತ್ತದೆ, ಅಷ್ಟೇ. ಮೋಡಗಳಂತೂ ಅದಕ್ಕಿಂತ ಎಷ್ಟೋ ಎತ್ತರದಲ್ಲಿ ಹೋಗುತ್ತವೆ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರೆ ಒಪ್ಪುತ್ತಾರೆ ಎಂದುಕೊಂಡೆ.

ಮರುದಿನ ಸಾಲೆಯ ಅಂಗಳದಲ್ಲಿ ಊರು ಕೂಡಿತು. ಅಕ್ಕ ಗೋಡೆಗೆ ಒರಗಿ ಹಿಂದೆ ನಿಂತಳು. ನಾನು ಮೇಜಿನ ಒಂದು ತುದಿಗೆ ಟೇಬಲ್ ಫ್ಯಾನು ಇಟ್ಟು, ಇದು ಮುಂಗಾರಿನ ಗಾಳಿ ಎಂದು ತಿಳಿಯಿರಿ ಎಂದೆ. ಇನ್ನೊಂದು ತುದಿಗೆ ಪೆಟ್ಟಿಗೆಯಿಂದ ತೆಗೆದ ಪುಟ್ಟ ಗಾಳಿಯಂತ್ರ, ಅದಕ್ಕೊಂದು ಸಣ್ಣ ಬಲ್ಬು. ನಡುವೆ ಒಂದು ಹಿಡಿ ಊದಿನಕಡ್ಡಿ ಹಚ್ಚಿಟ್ಟೆ. ಆ ಹೊಗೆಯೇ ಮೋಡ. ಟೇಬಲ್ ಫ್ಯಾನು ಹಾಕಿದೆ. ಪುಟ್ಟ ಯಂತ್ರ ತಿರುಗಿತು, ಬಲ್ಬು ಹೊತ್ತಿತು, ಹೆಂಗಸರು ಭಲೆ ಎಂದರು. ಹೊಗೆ ಚೆದುರಿ ಮಾಯವಾಯಿತು.

"ನೋಡಿದ್ರಿಲ್ಲ?" ಎಂದೆ, ಗೆದ್ದ ಧಾಟಿಯಲ್ಲಿ.

"ನೋಡಿದ್ವಿರಿ," ಎಂದರು ಚಾಚಾ. "ಆ ಸಣ್ಣದು ತಿರಗೂಮಟ ಮೋಡ ಇತ್ತು. ತಿರಗಾಕ ಹತ್ತಿದ್ದ ತಡ, ಹೋತು."

ಅಂಗಳವೆಲ್ಲ ತಲೆದೂಗಿತು. ಹೊಗೆಯನ್ನು ಓಡಿಸಿದ್ದು ಈ ಗಾಳಿ, ಆ ಯಂತ್ರವಲ್ಲ ಎಂದು ಗಂಟಲು ಹರಿದುಕೊಂಡೆ. ಪುಟ್ಟ ಯಂತ್ರವನ್ನು ತೆಗೆದಿಟ್ಟು ಮತ್ತೆ ಮಾಡಿ ತೋರಿಸಿದೆ, ಆಗಲೂ ಹೊಗೆ ಚೆದುರಿತು. ಆದರೆ ಯಾರು ನೋಡುತ್ತಿದ್ದರು? ಅಷ್ಟರಲ್ಲಿ ಅರ್ಧ ಮಂದಿ ಎದ್ದಿದ್ದರು. ನನ್ನ ಪ್ರಯೋಗದಲ್ಲಿ ಒಂದು ತಪ್ಪೂ ಇರಲಿಲ್ಲ. ದಿನ್ನೆಯ ಮೇಲೆ ದಿನವೂ ಕಾಣುತ್ತಿದ್ದುದನ್ನೇ ಮೇಜಿನ ಮೇಲೂ ತೋರಿಸಿದ್ದೆ.

ಉಳಿದವರಿಗೆ ದೊಡ್ಡ ಮಾತನ್ನಾದರೂ ಹೇಳೋಣವೆಂದೆ. ಕಲ್ಲಿದ್ದಲು, ಡೀಸೆಲ್ ಸುಟ್ಟ ಹೊಗೆ ಭೂಮಿಗೆ ಕೌದಿ ಹೊದಿಸಿದ ಹಾಗೆ. ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಕಾವೇರಿದ ಗಾಳಿ ಹೆಚ್ಚು ನೀರು ಹಿಡಿದಿಡುತ್ತದೆ, ಹೀಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲದಿದ್ದರೆ ವಾರಗಟ್ಟಲೆ ಸುಳಿವಿಲ್ಲ. ಹೊಗೆಯಿಲ್ಲದೆ ಕರೆಂಟು ಕೊಡುವುದರಿಂದಲೇ ಈ ಫ್ಯಾನು ಬೇಕು ಎಂದೆ.

"ಹಂಗಾದ್ರ ಆ ಕೌದಿ ತಗದ ಒಗೀರಲ್ಲ," ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಚಾಚಾ ನಗಲಿಲ್ಲ. "ಈ ವರ್ಷದ ಮಳಿ ಹೋಗಿದ್ದು ಆ ಹೊಗಿಯಿಂದನ ಅಂತ ಎದಿ ಮುಟ್ಟಿ ಹೇಳ್ತೀರೇನ್ರಿ?"

"ಒಂದ ವರ್ಷದ್ದು ಹಂಗ ಹೇಳಾಕ ಬರಂಗಿಲ್ಲ ಚಾಚಾ. ನಮ್ಮ ಕಡೆ ಮಳಿ ಮೊದಲೂ ತಪ್ಪತಿತ್ತು. ಇನ್ನ ಮುಂದ ಹಿಂಗ ಆಗೂದು ಹೆಚ್ಚಾಗಬಹುದು."

"ಬಹುದು," ಎಂದು ಯಾರೋ ಹಿಂದಿನಿಂದ ಅಂದರು. ಅಲ್ಲಿಗೆ ಸಭೆ ಮುಗಿಯಿತು. ಸುಳ್ಳು ಹೇಳುವವರು ಎದೆ ಮುಟ್ಟಿ ಹೇಳುತ್ತಾರೆ, ನಿಜ ಗೊತ್ತಿರುವ ನಾನು ತಡವರಿಸಬೇಕು. ಅವತ್ತು ನನ್ನ ವಿದ್ಯೆಯ ಮೇಲೆಯೇ ನನಗೆ ಅಸಹ್ಯ ಬಂತು. ಅಕ್ಕ ಬಂದು ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ, ಮನೆಗೆ ಬಂದೆವು.

ಕೆಲವು ದಿನಗಳ ಮೇಲೆ ಅಕ್ಕನ ಹೊಲದ ಫ್ಯಾನು ಕೆಟ್ಟಿತು. ಒಳಗಿನ ಗೇರು ಸವೆದಿದೆ, ಹೊಸದು ಬರಬೇಕು ಎಂದು ಕಂಪನಿಯವರು ರೆಕ್ಕೆಗಳನ್ನು ನಿಲ್ಲಿಸಿ ಹೋದರು. ಮರುದಿನ ಮಳೆ ಬಂತು.

ಅದೂ ಎಂಥ ಮಳೆ. ನಾನು ಇಂಡಿಯಲ್ಲಿದ್ದೆ, ನನ್ನ ಭಾಷಣವನ್ನು ಅರ್ಧಕ್ಕೇ ಬಿಟ್ಟು ಎಲ್ಲರೂ ಅಂಗಳಕ್ಕೆ ಓಡಿದರು. ಸಿಂದಗಿಯಲ್ಲಿ ಬಂತು, ಹೂವಿನ ಹಿಪ್ಪರಗಿಯಲ್ಲಿ ಬಂತು, ಕೊಲ್ಹಾರದಲ್ಲೂ ಬಂತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಮಳೆಯಾಗುತ್ತದೆ ಎಂದು ರೇಡಿಯೋದಲ್ಲಿ ಮೊದಲೇ ಹೇಳಿದ್ದರು. ಎಲ್ಲರಂತೆ ನನಗೂ ಸಂತೋಷವಾಗಬೇಕಿತ್ತು. ನಾನು ಮಾತ್ರ ಅಂಗಳಕ್ಕೆ ಇಳಿಯದೆ, ಅಕ್ಕನ ಊರಿನವರು ಈಗ ಏನನ್ನುತ್ತಾರೆಂದು ಯೋಚಿಸುತ್ತಾ ಪೆಟ್ಟಿಗೆ ಕಟ್ಟಿದೆ.

ಅಕ್ಕನ ಊರಿಗೆ ಹೋದಾಗ ಚಾಚಾ ಕರೆದು ಚಹಾ ಕೊಟ್ಟರು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಹಾಗೆ ಆಗಿದೆ, ಅಷ್ಟೇ ಚಾಚಾ, ಎಂದೆ. ಉಳಿದ ಫ್ಯಾನುಗಳು ತಿರುಗುತ್ತಲೇ ಇದ್ದವಲ್ಲ? ಮಳೆ ನಾಲ್ಕು ತಾಲೂಕಿಗೂ ಬಂದಿದೆಯಲ್ಲ?

"ಅದ ನಾನೂ ಹೇಳೂದು," ಎಂದರು. "ಅದೊಂದ ನಿಂತಿದ್ದಕ್ಕ ನಾಲ್ಕ ತಾಲೂಕ ತೊಯ್ದಾವ. ಎಷ್ಟ ಮಳಿ ತಡದ ಇಟ್ಟಿತ್ತು ನೋಡ್ರಿ."

ಅವರ ದನಿಯಲ್ಲಿ ಹಗೆತನವಿರಲಿಲ್ಲ. ಅಕ್ಕನ ಮೇಲೆ ಯಾರಿಗೂ ಸಿಟ್ಟು ಉಳಿದಿರಲಿಲ್ಲ. ಹೆಣ್ಣಾಳುಗಳು ತಾವಾಗಿಯೇ ಹೊಲಕ್ಕೆ ಬಂದಿದ್ದರು, ಓಣಿಯ ಹೆಂಗಸರು ಹಿತ್ತಲಿನ ಪುಂಡಿಪಲ್ಲೆ ಸೊಪ್ಪು ತಂದುಕೊಟ್ಟಿದ್ದರು. ಕಂಪನಿಯವರು ಬಂದರೆ ಫ್ಯಾನು ಚಾಲೂ ಮಾಡಬೇಡಿ ಎಂದು ಹೇಳಿಬಿಡು, ಸಾಕು, ಎಂದಿದ್ದರಂತೆ. ಅಕ್ಕ ಒಪ್ಪಿರಲಾರಳು ಎಂದುಕೊಂಡೆ. ನಮ್ಮಿಬ್ಬರಲ್ಲಿ ಅವಳದೇ ಗಟ್ಟಿ ಎದೆ.

ಅಕ್ಕ ಒಲೆಯ ಮೇಲೆ ಹಾಲಿಟ್ಟು ಬಂದು ಪಡಸಾಲೆಯಲ್ಲಿ ಕುಳಿತಳು. ಮುಖ ಸೊರಗಿತ್ತು.

"ನೀ ಓದಿದಾಕಿ," ಎಂದಳು. "ಖರೇ ಹೇಳು. ಇಷ್ಟ ದಿನ ಊರಿಗೆ ಮಳಿ ಇಲ್ದಂಗ ಆಗಿದ್ದು ನನ್ನಿಂದೇನು?"

"ಅಲ್ಲಕ್ಕಾ."

"ಬಹುದು ಅನಬ್ಯಾಡ ಮತ್ತ."

"ಬಹುದು ಅನ್ನಂಗಿಲ್ಲ. ನಿನ್ನಿಂದ ಅಲ್ಲ. ಆ ಫ್ಯಾನಿನಿಂದನೂ ಅಲ್ಲ. ಎದಿ ಮುಟ್ಟಿ ಹೇಳ್ತೇನಿ."

ಅಕ್ಕ ತಲೆಯಾಡಿಸಿದಳು. ಅವಳ ಕೈ ನನ್ನ ಮೊಣಕಾಲ ಮೇಲಿತ್ತು. ಗೆದ್ದೆ ಎಂದು ನನಗೆ ಅನ್ನಿಸಿದ್ದು ಆಗಲೇ.

"ಮತ್ತ್ಯಾರಿಂದ ಆತು?"

ಬಾಯಿ ತೆರೆದೆ. ದೂರದ ಶಹರಗಳು, ಹೆಸರು ಗೊತ್ತಿಲ್ಲದ ದೇಶಗಳು, ನೂರಾರು ವರ್ಷಗಳ ಹೊಗೆ, ಅದರ ಜೊತೆಗೆ ನಮ್ಮ ಕಡೆ ಮೊದಲಿನಿಂದಲೂ ಇರುವ ಬರ, ಈ ವರ್ಷ ಯಾವುದು ಎಷ್ಟು ಎಂದು ಬಿಡಿಸಿ ಹೇಳಲಾಗದ ನನ್ನ ಲೆಕ್ಕ. ಒಬ್ಬರ ಮುಖವೂ ಇಲ್ಲದ ಈ ಉತ್ತರವನ್ನು ಅಕ್ಕನ ಕೈಗೆ ಹೇಗೆ ಕೊಡುವುದು? ಅವಳು ಕಾದಳು.

"ಹಂಗಾದ್ರ ನಾನ ಇರಬೇಕ ಬಿಡು," ಎಂದು ಹೇಳಿ, ಹಾಲು ಉಕ್ಕೀತೆಂದು ಅಕ್ಕ ಒಳಗೆ ಎದ್ದು ಹೋದಳು.