ಐದು ಸೆಂಟಿಮೀಟರ್ ಉಸಿರು

ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ, ಇಡೀ ಪಾಳಿಯವರ ಕಣ್ಣೆದುರಿಗೆ, ಟೇಪಪ್ಪನ ಎದೆ ಫೇಲಾಯಿತು.

ಇಪ್ಪತ್ತೆರಡು ವರ್ಷಗಳಿಂದ, ಭರ್ತಿಗೆ ಬಂದವರ ಎದೆಗಾರಿಕೆಯನ್ನು ಸೆಂಟಿಮೀಟರಿನಲ್ಲಿ ಅಳೆಯುವುದು ಅವನ ಕೆಲಸ. ಹೆಸರು ಬಂದದ್ದೂ ಹಾಗೆಯೇ. ತಪಾಸಣೆಗೆ ಬಂದಿದ್ದ ಡಾಕ್ಟರಮ್ಮ ಉಸಿರಾಟದ ಪಾಠಕ್ಕೆ ಒಂದು ಮಾದರಿ ಮೈ ಕೇಳಿದಾಗ ಎಲ್ಲರೂ ಅವನನ್ನೇ ಮುಂದಕ್ಕೆ ತಳ್ಳಿದರು. ಆಗಷ್ಟೇ ಪೈಪಿನ ಸುರುಳಿ ಹೊತ್ತು ಮೂರು ಮಹಡಿ ಹತ್ತಿಳಿದಿದ್ದ ಅವನು ಏದುಸಿರಲ್ಲೇ ಅಂಗಿ ಬಿಚ್ಚಿ ನಿಂತ. ಉಸಿರು ಬಿಟ್ಟಾಗ ಎಂಬತ್ತೊಂಬತ್ತು. ಎದೆ ಉಬ್ಬಿಸಿದಾಗ ತೊಂಬತ್ತೆರಡು. ಭರ್ತಿಗೆ ಐದಾದರೂ ಹಿಗ್ಗಬೇಕು. ಅವನದ್ದು ಮೂರಕ್ಕೇ ಮುಗಿದಿತ್ತು.

“ಏನ್ ಟೇಪಪ್ಪಾ, ಪಂಕ್ಚರ್ರಾ?” ಎಂದ ಡ್ರೈವರ್. ಅಂಗಳವೆಲ್ಲ ನಕ್ಕಿತು.

“ಅವ್ರು ಹತ್ತು ನಿಮಿಷ ಕೂತ್ಕೊಳ್ಲಿ, ಆಮೇಲೆ ನಗಿ,” ಎಂದರು ಡಾಕ್ಟರಮ್ಮ. “ಸುಮ್ನೆ ಕೂತಾಗ ಉಸಿರಾಟದ ದುಡಿಮೆಯೆಲ್ಲ ಹೆಚ್ಚುಕಮ್ಮಿ ವಪೆದು. ಎದೆಗೂ ಹೊಟ್ಟೆಗೂ ಮಧ್ಯ ಇರೋ ಸ್ನಾಯು ಅದು. ಕೆಳಗಿಳಿದ್ರೆ ಗಾಳಿ ಒಳಗೆ. ಸಡಿಲ ಬಿಟ್ರೆ ತಾನಾಗೇ ಹೊರಗೆ. ಓಡಿದಾಗ ಹಂಗಲ್ಲ. ಪಕ್ಕೆಲುಬಿನ ಸ್ನಾಯು, ಕತ್ತಿನವು, ಹೊಟ್ಟೆಯವು ಎಲ್ಲಾ ಕೈಹಾಕ್ತವೆ. ಓಟ ನಿಂತ್ರೂ ಅವು ತಕ್ಷಣ ನಿಲ್ಲಲ್ಲ. ಎದೆ ಪೂರ್ತಿ ಇಳಿಯೋಕೆ ಮೊದ್ಲೇ ಮತ್ತೆ ಏರುತ್ತೆ.”

ಹತ್ತು ನಿಮಿಷದ ಬಳಿಕ ಮತ್ತೆ ಟೇಪು ಸುತ್ತಿದರು. ಮೇಲಿನ ಅಂಕಿ ಅದೇ ತೊಂಬತ್ತೆರಡು. ಕೆಳಗಿನದ್ದು ಎಂಬತ್ತಾರಕ್ಕೆ ಇಳಿದಿತ್ತು. ಆರು ಸೆಂಟಿಮೀಟರ್! ಚಪ್ಪಾಳೆ ಬಿತ್ತು. ಟೇಪಪ್ಪ ಮಾತ್ರ ಅಂಗಿ ಹಾಕಿಕೊಳ್ಳುತ್ತಾ ಭರ್ತಿಯ ದಿನಗಳನ್ನು ನೆನೆದ.

ಭರ್ತಿಯ ಮೈದಾನದಲ್ಲಿ ಓಟ ಮುಗಿಯುವ ಗೆರೆಯ ಪಕ್ಕದಲ್ಲೊಂದು ಮರವಿತ್ತು. ನೆರಳಿನಾಸೆಗೆ ಅಳತೆಯ ಟೇಬಲ್ಲನ್ನು ಅಲ್ಲಿಗೆ ಹಾಕಿಸಿದವನು ಅವನೇ. ಹುಡುಗರು ಗೆರೆ ದಾಟಿ ನೇರವಾಗಿ ಅವನ ಟೇಪಿನೊಳಗೆ ಬಂದು ಬೀಳುತ್ತಿದ್ದರು. ಎರಡು ವರ್ಷದ ಹಿಂದೆ ಹೆಂಡತಿಯ ತಮ್ಮನೂ ಹಾಗೇ ಬಂದು ಬಿದ್ದಿದ್ದ. ನಾಲ್ಕೂವರೆ. ‘ಅನರ್ಹ’ ಎಂದು ಕೆಂಪಿನಲ್ಲಿ ಬರೆದದ್ದು ಟೇಪಪ್ಪನ ಕೈ. ತಾಯಿಯಿಲ್ಲದ ಆ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು ಅವತ್ತಿನಿಂದ ಗಂಡನೆದುರು ತಟ್ಟೆ ಇಡುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ತಮ್ಮನೋ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ವಯಸ್ಸಿನ ಮಿತಿಯ ಪ್ರಕಾರ ಮುಂದಿನ ತಿಂಗಳ ಭರ್ತಿಯೇ ಅವನಿಗೆ ಕೊನೆಯದು.

ಟೇಪಪ್ಪ ಅಧಿಕಾರಿಯ ಕೋಣೆಗೆ ಹೋದ.

“ಸಾರ್, ಈ ಸಲ ಅಳತೆ ಓಟಕ್ಕೆ ಮುಂಚೆ ಆಗ್ಲಿ.”

“ಈ ಸಲ ನಿನ್ ಬಾಮೈದ ಇದಾನಲ್ವಾ?”

“ಇದಾನೆ. ಅದಕ್ಕೇ ಎಲ್ರಿಗೂ ಅಂತಿದೀನಿ.”

“ಹಂಗಾದ್ರೆ ಇಷ್ಟು ವರ್ಷ ಮಾಡಿದ್ದು ತಪ್ಪು ಅಂತ ಬರ್ದು ಕೊಡ್ತೀಯಾ? ನಾಳೆ ಮೇಲಿನವ್ರು ನಿನ್ನನ್ನೇ ಹಿಡ್ಕೊಂಡ್ರೆ?”

ಟೇಪಪ್ಪ ಕಾಗದ ಎಳೆದುಕೊಂಡ. ಅರ್ಧ ಸೆಂಟಿಮೀಟರಿನಲ್ಲಿ ಮನೆಗೆ ಹೋದವರ ಮುಖಗಳು ಒಂದೂ ಸರಿಯಾಗಿ ನೆನಪಾಗಲಿಲ್ಲ. ಅವನು ನೋಡಿದ್ದೆಲ್ಲ ಎದೆಗಳನ್ನೇ. ಒಂದೇ ಪುಟ ಬರೆದ, ಸಹಿ ಹಾಕಿದ. ಅಧಿಕಾರಿ ಎರಡು ಸಲ ಓದಿ, “ಟೇಪ್ ನೀನೇ ಹಿಡಿ. ಅಂಕಿ ಡಾಕ್ಟ್ರು ಓದ್ಲಿ,” ಎಂದರು.

ಭರ್ತಿಯ ದಿನ, ಓಟಕ್ಕೆ ಮುಂಚೆಯೇ, ಎಲ್ಲರೂ ಹತ್ತು ನಿಮಿಷ ಬೆಂಚಿನ ಮೇಲೆ ಕೂತು ಅಳತೆಗೆ ಎದ್ದರು. ಬಾಮೈದನ ಸರದಿ ಬಂತು. ಟೇಪಿನಡಿಯಲ್ಲಿ ಎದೆ ಇಳಿಯಿತು, ಇನ್ನೂ ಇಳಿಯಿತು, ನಿಂತಿತು.

“ಎಂಬತ್ತೊಂದು,” ಎಂದರು ಡಾಕ್ಟರಮ್ಮ. “ಈಗ ಎಳ್ಕೊಳ್ಳಪ್ಪ.”

ಪಕ್ಕೆಲುಬುಗಳು ಬಕೆಟ್ಟಿನ ಹಿಡಿಗಳಂತೆ ಮೇಲೆದ್ದು ಹೊರಕ್ಕೆ ಅರಳಿದವು. ಟೇಪು ಬೆರಳುಗಳ ನಡುವೆ ಜಾರುತ್ತಾ ಹೋಯಿತು. ಟೇಪಪ್ಪ ಕೆಳಗೆ ನೋಡಲಿಲ್ಲ.

“ಎಂಬತ್ತಾರೂವರೆ. ಪಾಸ್.”

ಸಂಜೆ ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು ಒಳಗೆ ಹೋಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಎದುರಿಗೆ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು:

“ತಮ್ಮ ಹೇಳ್ದ. ಅಳೆಯೋವಾಗ ನೀವೂ ಉಸಿರು ಬಿಗಿಹಿಡ್ಕೊಂಡು ನಿಂತಿದ್ರಂತೆ. ಅಷ್ಟೊಂದು ಭಯ ಆಗಿತ್ತಾ ನಿಮ್ಗೆ?”

ಟೇಪಪ್ಪ ತುತ್ತು ನುಂಗಿದ.

“ಭಯ ಏನ್ ಬಂತು? ಅವ್ನು ಸ್ನಾನ ಮಾಡಿ ಮೂರ್ ದಿನ ಆಗಿತ್ತು ಕಣೇ.”