ಗೇಟಿಗೆ ಕುಂಕುಮ ಹಚ್ಚಿ ಕರೆದದ್ದು

ಅರಳಸುರಳಿಯ ಪೂರ್ಣೇಶನಿಗೆ ಐವತ್ತು ದಾಟುವ ಹೊತ್ತಿಗೆ ಗದ್ದೆ, ಕಾರು, ಮಂಡಿನೋವು ಎಲ್ಲವೂ ಬಂದಿದ್ದವು. ಮರ್ಯಾದೆ ಮಾತ್ರ ಬರಬೇಕಾದಷ್ಟು ಬಂದಿಲ್ಲ ಎಂಬ ಕೊರಗು ಉಳಿದಿತ್ತು. ಆ ವಿಷಯದಲ್ಲಿ ಅವನದು ಬಲು ಕಟ್ಟುನಿಟ್ಟು. ಮದುವೆಯೋ ಗೃಹಪ್ರವೇಶವೋ, ಕರೆಯುವವರು ಮನೆಯೊಳಗೆ ಬಂದು, ಕೂತು, ಕೊಟ್ಟದ್ದನ್ನು ಕುಡಿದು, ಕುಂಕುಮ ಕೊಟ್ಟು ಕರೆಯಬೇಕು. ಹಾದಿಯಲ್ಲಿ ಸಿಕ್ಕಾಗ ಕರೆದರೆ ಹೋಗುವ ಪೈಕಿಯವನಲ್ಲ. ಹಳೆಯ ಸಹಪಾಠಿಯೊಬ್ಬ ವಾಟ್ಸಾಪಿನಲ್ಲಿ ಕರೆಯೋಲೆ ಕಳಿಸಿದಾಗ, ಊಟವನ್ನೂ ಇದರಲ್ಲೇ ಕಳಿಸು ಎಂದು ಉತ್ತರ ಕೊಟ್ಟಿದ್ದ. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ.

ಇಂಥವನ ಕಣ್ಣಿಗೆ ಒಂದು ದಿನ ತನ್ನ ಮನೆಯ ಉಣುಗೋಲು ಬಿತ್ತು. ಎರಡು ಕಲ್ಲುಕಂಬಗಳ ತೂತಿನಲ್ಲಿ ಮೂರು ಬಿದಿರಿನ ಗಳ, ಅಷ್ಟೇ. ಬಂದವರು ಗಳ ಸರಿಸಿ ಒಳಗೆ ಬರುವುದು, ಮತ್ತೆ ಎಳೆದು ಹೋಗುವುದು. ಅಜ್ಜನ ಕಾಲದಿಂದ ನಡೆದುಬಂದ ಈ ವ್ಯವಸ್ಥೆ ಪೂರ್ಣೇಶನಿಗೆ ಇದ್ದಕ್ಕಿದ್ದಂತೆ ದನದ ಕೊಟ್ಟಿಗೆಗೆ ಲಾಯಕ್ಕಾದದ್ದು ಎನ್ನಿಸಿತು.

ಹೊಸ ಗೇಟು ತೀರ್ಥಹಳ್ಳಿಯಲ್ಲಿ ತಯಾರಾಯಿತು. ಹನ್ನೆರಡು ಅಡಿ ಅಗಲ, ರಿಮೋಟು ಒತ್ತಿದರೆ ಹಳಿಯ ಮೇಲೆ ಗೊರಗೊರ ಎನ್ನುತ್ತ ಸರಿಯುತ್ತದೆ. ಮೇಲೆ ಬಂಗಾರದ ಬಣ್ಣದ ಎರಡು ಸಿಂಹ. ಬಣ್ಣ ಬಳಿದವನ ಕೈಗುಣವೋ ಏನೋ, ಅವು ಹಲ್ಲುನೋವಿಗೆ ಬಾಯಿ ತೆರೆದ ನಾಯಿಗಳಂತೆ ಕಾಣುತ್ತಿದ್ದವು. ರಸ್ತೆಯ ಬದಿಗೆ ಉದ್ದಕ್ಕೂ ತಂತಿಬಲೆಯ ಬೇಲಿ ಬಂತು. ಹಿಂಬದಿಯ ಮುಳ್ಳುಬೇಲಿ ಹಾಗೇ ಉಳಿಯಿತು, ಅದು ಯಾರಿಗೂ ಕಾಣುವುದಿಲ್ಲವಲ್ಲ. ಮಂಗಗಳು ಆ ಕಡೆಯಿಂದಲೇ ಬಂದು ಸಿಂಹಗಳ ಮೇಲೆ ಕೂತು ಹೇನು ಹೆಕ್ಕಿಕೊಂಡವು. ವರ್ಷವಿಡೀ ಹುಲ್ಲು ಕೀಳಲು ಆಳು ಹುಡುಕುವ ಮನುಷ್ಯ, ಶಿವಮೊಗ್ಗದಿಂದ ಹುಲ್ಲು ಕೊಂಡು ತಂದು ಅಂಗಳದ ಪಕ್ಕ ನೆಟ್ಟ. ಕಂಬದ ಮೇಲೆ ಕ್ಯಾಮೆರಾ ಕೂಡ ಕೂರಿಸಿದ.

"ಇಷ್ಟೆಲ್ಲ ಯಾರಿಗ್ರೀ? ನಮ್ಮನೆಗೆ ಬರೋರೇ ನಾಕು ಜನ" ಎಂದಳು ಹೆಂಡತಿ ಕುಮುದಾ.

"ಬರೋರಿಗೆ ಇದು ಯಾರ ಮನೆ ಅಂತ ಗೊತ್ತಾಗ್ಬೇಕು ಕಣೇ."

"ಗೊತ್ತಿರೋದಕ್ಕೇ ಅಲ್ವಾ ಅವ್ರು ಬರೋದು?"

ಪೂರ್ಣೇಶ ರಿಮೋಟು ಒತ್ತಿ ಗೇಟು ಹಾಕಿದ.

ಮೊದಲ ಮಳೆಯ ಸಿಡಿಲಿಗೆ ಗೇಟಿನ ಕರೆಗಂಟೆ ಸುಟ್ಟುಹೋಯಿತು. ನಾಳೆ ಸರಿಮಾಡಿಸಿದರಾಯಿತು ಎನ್ನುತ್ತ ತಿಂಗಳು ಕಳೆಯಿತು. ಆ ತಿಂಗಳಲ್ಲೇ ಅಕ್ಕ ಜಲಜಮ್ಮ ಹೊಸನಗರದಿಂದ ಮಗಳ ಮದುವೆಗೆ ಕರೆಯಲು ಬಂದದ್ದು. ತಮ್ಮನಿಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೊದಲ ಕರೆ ತವರಿಗೇ ಎಂದು ಬೇರೆ ಯಾರನ್ನೂ ಕರೆಯದೆ ಬಂದಿದ್ದಳು. ಮದುಮಗಳು ಶ್ರಾವ್ಯಾ ಎಂದರೆ ಮಕ್ಕಳಿಲ್ಲದ ಪೂರ್ಣೇಶನಿಗೆ ಪ್ರಾಣ. ಮದುಮಗಳನ್ನು ಕೈ ಹಿಡಿದು ಹಸೆಗೆ ಕರೆತರುವವನು ಸೋದರಮಾವ. ಆ ಒಂದು ಗಳಿಗೆಗಾಗಿ ಅವನು ಆರು ತಿಂಗಳ ಹಿಂದೆಯೇ ರೇಷ್ಮೆ ಪಂಚೆ ತೆಗೆದಿಟ್ಟಿದ್ದ.

ಅಕ್ಕ ಬಂದ ಮಧ್ಯಾಹ್ನ ಕುಮುದಾ ಸಂಘದ ಸಭೆಗೆ ಹೋಗಿದ್ದಳು. ಪೂರ್ಣೇಶ ಫೋನನ್ನು ಚಾರ್ಜಿಗೆ ಹಾಕಿ, ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಹೊರಗೆ ಏನಾಯಿತೆಂದು ಸಂಜೆ ಕ್ಯಾಮೆರಾ ತೋರಿಸಿತು.

ಜಲಜಮ್ಮ ಸತ್ತ ಗಂಟೆಯನ್ನು ಒತ್ತುತ್ತಾಳೆ. "ಪೂರ್ಣೇಶಾ, ಅಕ್ಕ ಬಂದೀನಿ, ಗೇಟ್ ತೆಗಿಯೋ" ಎಂದು ಕೂಗುತ್ತಾಳೆ. ಸರಿಸಲು ಗಳ ಎಲ್ಲಿದೆಯೆಂದು ತಡಕುತ್ತಾಳೆ, ಹೆಗಲು ಕೊಟ್ಟು ದೂಡುತ್ತಾಳೆ. ಸುಸ್ತಾಗಿ ಮೋರಿ ಕಟ್ಟೆಯ ಮೇಲೆ ಕೂರುತ್ತಾಳೆ. ಮುಕ್ಕಾಲು ಗಂಟೆಯಾದ ಮೇಲೆ ಎದ್ದು, ಚೀಲದಿಂದ ಕುಂಕುಮದ ಭರಣಿ ತೆಗೆದು, ತುದಿಗಾಲಲ್ಲಿ ನಿಂತು ಎರಡೂ ಸಿಂಹಗಳ ಹಣೆಗೆ ಕುಂಕುಮ ಹಚ್ಚುತ್ತಾಳೆ. ಒಂದರ ಬಾಯಿಗೆ ಕರೆಯೋಲೆ, ಇನ್ನೊಂದರ ಬಾಯಿಗೆ ಎಲೆ ಅಡಿಕೆ ಸಿಕ್ಕಿಸಿ ಕೈಮುಗಿಯುತ್ತಾಳೆ. "ಶ್ರಾವ್ಯನ ಮದುವೆ. ಮನೆಮಂದಿಯೆಲ್ಲ ಎರಡು ದಿನ ಮುಂಚೇನೇ ಬಂದು ನಡ್ಸಿಕೊಡ್ಬೇಕು" ಎಂದು ಗೇಟಿಗೆ ಹೇಳಿ ನಡೆದುಬಿಡುತ್ತಾಳೆ.

ಪೂರ್ಣೇಶನ ಎದೆ ಚುರುಕ್ ಎಂದಿತು. ಆಗಲೇ ಕಾರು ಹತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಚುರುಕ್ ಎಂದದ್ದು ತನ್ನ ಮರ್ಯಾದೆ ಎಂದು ಆ ಪುಣ್ಯಾತ್ಮ ತಿಳಿದ.

"ನಡೀರಿ, ಈಗ್ಲೇ ಹೋಗಿ ತಪ್ಪಾಯ್ತು ಅನ್ನಾಣ" ಎಂದಳು ಕುಮುದಾ.

"ತಪ್ಪೆಂತದ್ದು? ಅವ್ಳು ಗೇಟನ್ನ ಕರೆದಿದಾಳೆ, ಗೇಟೇ ಹೋಗ್ಲಿ. ನನ್ನ ಕರಿಯೋದಾದ್ರೆ ಬಾಗಿಲಿಗೆ ಬರ್ಲಿ."

ಸುದ್ದಿ ಊರಲ್ಲಿ ಹರಡಲು ಎಷ್ಟು ಹೊತ್ತು ಬೇಕು? ಚಿಕ್ಕಪ್ಪನ ಮಗ ನಟರಾಜ್ ಅಂಗಡಿಯ ಮುಂದೆಯೇ ತಡೆದು ಕೇಳಿದ: "ಅಣ್ಣಯ್ಯಾ, ಗೇಟನ್ನ ಮದುವೆಗೆ ಯಾವ ಗಾಡೀಲಿ ಕಳಸ್ತೀಯ?" ಪೂರ್ಣೇಶ ಮುಖ ಊದಿಸಿಕೊಂಡು ಮನೆಗೆ ಬಂದ. ಆದರೂ ಮರುದಿನದಿಂದ ಬೆಳಗಾದರೆ ಸಾಕು, ಗೇಟು ಪೂರ್ತಿ ತೆರೆದಿಟ್ಟು, ಜಗಲಿಯಲ್ಲಿ ಕೂತು ಫೋನಿನಲ್ಲಿ ಕ್ಯಾಮೆರಾ ನೋಡತೊಡಗಿದ. ಅಕ್ಕ ಮತ್ತೊಮ್ಮೆ ಬಂದೇ ಬರುತ್ತಾಳೆಂದು ಅವನ ಲೆಕ್ಕ. ಬಂದದ್ದು ಗುಜರಿಯವನು, ದಾರಿ ತಪ್ಪಿದ ಕಾರೊಂದು, ಆಮೇಲೆ ಊರಿನ ದನಗಳು. ಶಿವಮೊಗ್ಗದ ಹುಲ್ಲು ಅವುಗಳಿಗೆ ಬಹಳ ಹಿಡಿಸಿತು.

ಮದುವೆಗೆ ಎರಡು ದಿನ ಇದೆ ಎನ್ನುವಾಗ ಕುಮುದಾ ಬ್ಯಾಗು ಹಿಡಿದು ಹೊರಟಳು. "ಅಕ್ಕ ಮನೆಮಂದಿಯೆಲ್ಲ ಅಂದಿದಾರೆ. ನಾನು ಮನೆಮಂದಿ. ನೀವು ಎಂತ ಅಂತ ನೀವೇ ನೋಡ್ಕಳಿ" ಎಂದು ಬಸ್ಸು ಹತ್ತಿದಳು.

ಮದುವೆಯ ಬೆಳಿಗ್ಗೆ ಪೂರ್ಣೇಶ ಗಡ್ಡ ಹೆರೆದು, ರೇಷ್ಮೆ ಪಂಚೆ ಉಟ್ಟು ಜಗಲಿಯಲ್ಲಿ ಕೂತ. ಸೋದರಮಾವನಿಲ್ಲದೆ ಮದುವೆ ನಡೆಯುತ್ತದೆಯೇ? ಯಾರಾದರೂ ಕರೆದೊಯ್ಯಲು ಬಂದೇ ಬರಬೇಕು. ಎಂಟಾಯಿತು. ಒಂಬತ್ತಾಯಿತು. ಆಮೇಲೆ ಮಾತ್ರ ಮರ್ಯಾದೆ ಗಿರ್ಯಾದೆ ಎಲ್ಲ ಮರೆತು, ಹಸೆಗೆ ಹೋಗಲು ಮಗು ಕಾಯುತ್ತಿರುತ್ತದೆ ಎಂದು ಕಾರು ಹತ್ತಿದ. ದಾರಿಯುದ್ದಕ್ಕೂ ಅಕ್ಕ ಬೈಯುತ್ತಾಳೆಂದುಕೊಂಡ. ಬೈಯಲಿ, ಕಾಲು ಹಿಡಿದರಾಯಿತು ಎಂದೂ ಅಂದುಕೊಂಡ.

ಹೊಸನಗರದ ಛತ್ರದ ಬಾಗಿಲು ದಾಟುವಾಗ ವಾಲಗ ಜೋರಾಗಿತ್ತು. ಜರಿಶಾಲು ಹೊದ್ದ ನಟರಾಜ್ ಶ್ರಾವ್ಯಾಳ ಕೈ ಹಿಡಿದು ಹಸೆಯತ್ತ ನಡೆಸಿಕೊಂಡು ಹೋಗುತ್ತಿದ್ದ. ಹುಡುಗಿ ತಲೆ ತಗ್ಗಿಸಿದ್ದಳು, ಮಾವನನ್ನು ನೋಡಲಿಲ್ಲ.

ಜಲಜಮ್ಮ ನೋಡಿದಳು. ಅವನು ಹುಟ್ಟಿದಾಗಿನಿಂದ 'ಬಾರೋ' 'ಹೋಗೋ' ಎಂದೇ ಕರೆದವಳು, ಬಾಗಿಲಿನತ್ತ ಬಂದು, ನಗುತ್ತ ಎರಡೂ ಕೈ ಮುಗಿದಳು.

"ಬನ್ನಿ, ಬನ್ನಿ. ದೂರದಿಂದ ಬಂದಿದೀರಿ. ಊಟ ಮಾಡ್ಕಂಡೇ ಹೋಗ್ಬೇಕು."

ಪೂರ್ಣೇಶ 'ಅಕ್ಕಾ' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಹಿಂದೆ ಬಂದವರಿಗೆ ಅದೇ ಮಾತು ಹೇಳುತ್ತಿದ್ದಳು.