ಗೊನೆ ಅದ್ದುವ ಮಗ್ಗಿನ ಚಿತ್ರ

ಆಗೆಲ್ಲ ನಮ್ಮ ಕಾಗವಾಡದ ಕಡೆ ದೀಪಾವಳಿ ಮುಗಿಯಿತೆಂದರೆ ಹೆಂಗಸರು ಕೈ ಮೇಲೆತ್ತಿಯೇ ದಿನ ಕಳೆಯುತ್ತಿದ್ದರು. ಕಾಳು ದಪ್ಪಗಾಗಲೆಂದು ದ್ರಾಕ್ಷಿಯ ಒಂದೊಂದು ಗೊನೆಯನ್ನೂ ಕೆಲವು ದಿನ ಬಿಟ್ಟು ಬಿಟ್ಟು ಎರಡು ಮೂರು ಸಲ ಮಗ್ಗಿನೊಳಗಿನ ಔಷಧದಲ್ಲಿ ಅದ್ದಬೇಕು. ಗೊನೆ ತಲೆಯ ಮೇಲಿನ ಚಪ್ಪರದಲ್ಲಿ, ಮಗ್ಗು ಕೈಯಲ್ಲಿ. ಔಷಧ ಮೊಣಕೈಯಿಂದ ಇಳಿದು ಕುಪ್ಪಸ ತೋಯಿಸುತ್ತಿತ್ತು. ಸಂಜೆ ರೊಟ್ಟಿ ಬಡಿಯಲು ಕೂತ ಅವ್ವನಿಗೆ ಬಲಗೈ ಏಳುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಔಷಧದ ಕಮಟು ಬೆರೆತ ಆ ವಾಸನೆ ಇನ್ನೂ ಮೂಗಿನಲ್ಲಿದೆ.

ನಾನಾಗ ಒಂಬತ್ತನೇ ತರಗತಿಯ ಹುಡುಗಿ. ಮಗ್ಗಿಗೆ ಉದ್ದನೆಯ ಪೈಪಿನ ಹಿಡಿಕೆ ಕೂರಿಸಿದರೆ ಅವ್ವ ಸೊಂಟದ ಮಟ್ಟದಲ್ಲೇ ಕೈಯಿಟ್ಟು ಗೊನೆ ಅದ್ದಬಹುದು ಎಂದು ಹೊಳೆಯಿತು. ಮೊಳೆ ಕಾಯಿಸಿ ತೂತು ಹಾಕಲು ಹೋದೆ. ಪ್ಲಾಸ್ಟಿಕ್ ಮಗ್ಗಿನ ಬದಿಯೇ ಕರಗಿ ಹೋಯಿತು. “ಮನ್ಯಾಗಿನ ಒಂದ ಸಾಮಾನಾನೂ ಉಳಿಸಬ್ಯಾಡ ನೀ!” ಎಂದು ಅವ್ವ ಬೆನ್ನಿಗೊಂದು ಕೊಟ್ಟಳು.

ಅದೇ ವರ್ಷ ನಮ್ಮ ಹೈಸ್ಕೂಲಿಗೆ ಕಪಾಟಿನ ತುಂಬ ಉಪಕರಣ ಬಂದಿದ್ದವು. ಕಾರ್ಯಾನುಭವ ಕಲಿಸುತ್ತಿದ್ದ ಚೌಗಲಾ ಸರ್ ಗುರುವಾರಕ್ಕೊಮ್ಮೆ ಕಪಾಟು ತೆಗೆದು, ಪ್ಲಾಸ್ಟಿಕ್ ಬಿಚ್ಚದ ಡ್ರಿಲ್ ಮಶೀನನ್ನು ದೂರದಿಂದಲೇ ತೋರಿಸಿ ಮತ್ತೆ ಕೀಲಿ ಹಾಕುತ್ತಿದ್ದರು. ನಾವು ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕು. ಇದೆಂಥ ಪಾಠ, ಹೇಳಿ!

“ಎರಡ ತೂತ ಸಾಕ್ರಿ ಸರ್, ಅವ್ವನ ಮಗ್ಗಿಗೆ,” ಎಂದೆ.

“ಮೊದಲ ಚಿತ್ರಾ ತಗಿ. ಚಿತ್ರಾ ಇಲ್ಲದ ಕೆಲಸಾ ಶುರು ಮಾಡಬಾರದು.”

ಬರೆದುಕೊಂಡು ಹೋದೆ. ಮೇಲಿನಿಂದ ಕಾಣುವ ನೋಟ ಎಲ್ಲಿ ಎಂದರು. ಮುಂದಿನ ಗುರುವಾರ ಅದನ್ನೂ ಬರೆದೆ. ಚೌಕಟ್ಟು ಬೇಕೆಂದರು, ಆಮೇಲೆ ನೆರಳು. ನನಗೆ ಅಳು ಬರುವುದೊಂದು ಬಾಕಿ.

“ಎರಡನೇ ಸಲಾ ಅದ್ದೂದು ಮುಗ್ಯಾಕ ಬಂತ್ರಿ ಸರ್!”

“ಅವಸರ ಮಾಡಬ್ಯಾಡವಾ. ಇದನ್ನ ತಾಲೂಕಿನ ಪ್ರದರ್ಶನಕ್ಕ ಕಳಸೂನು.”

“ತೂತು?”

“ಹೊಸಾ ಮಶೀನ್ ಐತಿ. ಗೀರು ಬಿದ್ರ ತಪಾಸಣಿಗೆ ಬಂದಾವ್ರಿಗೆ ನೀ ಉತ್ತರಾ ಕೊಡ್ತೀಯೇನು?”

ಚಿತ್ರಕ್ಕೆ ಮೊದಲ ಬಹುಮಾನ ಬಂತು! ಬಸ್ಸಿಳಿದು ನೇರ ತೋಟಕ್ಕೆ ಓಡಿದೆ. ಅವ್ವ ಕೊನೆಯ ಸಾಲಿನಲ್ಲಿದ್ದಳು. ಸೆರಗಿಗೆ ಕೈ ಒರೆಸಿ, ಹಾಳೆಯನ್ನು ದೂರ ಹಿಡಿದು ನೋಡಿದಳು.

“ಭಾಳ ಚಂದ ಐತಿ ನನ್ನ ಮಗಳ. ಎಲ್ಲಿಟ್ಟೀ ಇದನ್ನ? ತಾ ಇಲ್ಲೆ, ಈ ಸಾಲರ ಹಗೂರ ಆಗ್ಲಿ.”

“ಮಾಡಿಲ್ಲಬೇ. ಚಿತ್ರಾ ಅಷ್ಟ.”

ಅವ್ವ ಹಾಳೆ ನನ್ನ ಕೈಗಿತ್ತು ಮಗ್ಗು ಎತ್ತಿಕೊಂಡಳು.

ಈಗ ನಮ್ಮ ತೋಟದಲ್ಲಿ ಆ ಕೆಲಸವನ್ನು ಟ್ರ್ಯಾಕ್ಟರಿನ ಪಂಪು ಮಾಡುತ್ತದೆ. ಮದುವೆ ಮನೆಗಳಲ್ಲಿ ಸಿಕ್ಕಾಗ ಚೌಗಲಾ ಸರ್ ಅದೇ ಬಹುಮಾನದ ಮಾತು ತೆಗೆಯುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆ. ಶಾಲೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆ ಖುಷಿಯಲ್ಲಿ ನಾನು ಮತ್ತೆ ತೂತಿನ ಮಾತೇ ಎತ್ತಲಿಲ್ಲ. ಮರುವರ್ಷವೂ ಅವ್ವ ಕೈ ಎತ್ತಿಯೇ ಅದ್ದಿದಳು, ಅದರ ಮರುವರ್ಷವೂ.

ಅವಳ ಬಲಗೈ ಈಗ ಭುಜದಿಂದ ಮೇಲೇಳುವುದಿಲ್ಲ. ತವರಿಗೆ ಹೋದಾಗೆಲ್ಲ ಅವಳ ತುರುಬನ್ನು ನಾನೇ ಕಟ್ಟುತ್ತೇನೆ.